ಯಾರೇ ಬರಲಿ, ಗಂಟೆ ಹೊಡಿ

ಕೂತ್ಕೊಳ್ರಪ್ಪ, ಕೂತ್ಕೊಳ್ರಿ. ನಗೋರು ಆಮೇಲೆ ನಗಿ, ಮೊದಲು ಕೇಳಿ. ಬೋರಲಿಂಗನ ವಿಷಯ ಬಂದರೆ ನನ್ನ ಮುಂದೆ ಯಾರೂ ಹಗುರವಾಗಿ ಮಾತಾಡಕೂಡದು. ಪೆದ್ದ ಅನ್ನಿ, ಒಪ್ಪಿದೆ. ನಾನೇ ದಿನಕ್ಕೆ ಹತ್ತು ಸಲ ಅಂದಿದ್ದೀನಿ. ಆದರೆ ಅಂಥ ಪೆದ್ದ ಇನ್ನೊಬ್ಬ ಸಿಕ್ಕಿದರೆ ಕರಕೊಂಡು ಬನ್ನಿ, ಈ ಮುದಿ ಹೆಗಲ ಮೇಲೆ ಕೂರಿಸಿಕೊಂಡು ಮೆರೆಸ್ತೀನಿ.

ಸಣ್ಣತಾಯಮ್ಮ ಅಂತ ಒಬ್ಬಳು ತಾಯಿ, ಅವಳಿಗೊಬ್ಬನೇ ಮಗ ಈ ಬೋರಲಿಂಗ. ಗಂಡ ಇಲ್ಲ, ಇರೋನು ಇವನೊಬ್ಬ. ಇವನೋ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು! ಒಂದು ದಿನ ಅಂಗಳದಲ್ಲಿ ರಾಗಿ ಹರಡಿ, "ಲೋ ಮಗ, ರಾಗಿ ಮೇಲೆ ಕಣ್ಣಿಟ್ಟಿರು, ನೀರು ತರ್ತೀನಿ" ಅಂದಳು. ಬಂದು ನೋಡಿದರೆ ಇವನು ರಾಗಿ ಮೇಲೆ ಬೋರಲು ಬಿದ್ದು ಎರಡೂ ಕಣ್ಣು ಒತ್ತಿಕೊಂಡಿದ್ದಾನೆ! ಊರಿನ ಕೋಳಿಯೆಲ್ಲ ಸೇರಿ ಉಳಿದ ರಾಗಿ ಮುಗಿಸಿವೆ.

"ಅಯ್ಯೋ ನನ್ನ ಕರ್ಮವೇ! ಎತ್ತಲಾಗಾದರೂ ಓಡಿ ಹೋಗೋ!"

ಓಡಿದ. ನಿಜವಾಗಲೂ ಓಡಿದ! ಊರು ದಾಟಿದ, ಕೆರೆ ಏರಿ ದಾಟಿದ, ಪೇಟೆ ಸೇರಿದ. ಪೇಟೆ ಮೈದಾನದಲ್ಲಿ ಏರ್‌ಫೋರ್ಸಿನೋರು ಹುಡುಗರನ್ನ ಆರಿಸೋಕೆ ಓಟ ಇಟ್ಟಿದ್ದರು. ಇವನು ಓಡ್ತಾ ಅದರೊಳಗೇ ನುಗ್ಗಿದ. ನಾಲ್ಕು ಸುತ್ತು ಮುಗಿಸಿ ಎಲ್ಲರೂ ನಿಂತರು, ಇವನು ನಿಲ್ಲಲಿಲ್ಲ. ಮೈದಾನ ಬಿಟ್ಟು ರಸ್ತೆ ಹಿಡಿದ. ಕೊನೆಗೆ ಜೀಪಿನಲ್ಲಿ ಬೆನ್ನಟ್ಟಿ ಹಿಡಿದರು.

"ಯಾಕೋ ನಿಲ್ಲಲಿಲ್ಲ?"

"ಅವ್ವ ಓಡು ಅಂದಳು ಸಾರ್. ನಿಲ್ಲು ಅನ್ನಲಿಲ್ಲ."

ಆಗಿನ ಕಾಲ ಹಾಗಿತ್ತು, ಮೆಸ್ಸಿನ ಕೆಲಸಕ್ಕೆ ಅಲ್ಲೇ ತಗೊಂಡರು! ಊರಲ್ಲಿ ಸುದ್ದಿಯೋ ಸುದ್ದಿ. ನಿನ್ನೆವರೆಗೂ "ಪೆದ್ದನ ತಾಯಿ" ಅಂತಿದ್ದ ಜನ "ಏರ್‌ಫೋರ್ಸ್ ತಾಯಮ್ಮ" ಅನ್ನೋಕೆ ಶುರು ಮಾಡಿದರು. ಆ ಹೆಸರು ಕೇಳಿದಾಗೆಲ್ಲ ಅವಳ ಕಣ್ಣು ತುಂಬ್ತಿತ್ತಂತೆ. ಮಗನ್ನ ಬಸ್ಸು ಹತ್ತಿಸುವಾಗ, "ದೊಡ್ಡೋರ ಮಾತು ಮೀರಬೇಡ ಕಣಪ್ಪ. ನಿನ್ನನ್ನ ವಾಪಸ್ ಕಳಿಸಿಬಿಟ್ಟರೆ ನಾನು ಮತ್ತೆ ತಲೆ ಎತ್ತೋಕಾಗಲ್ಲ" ಅಂದಳು.

ಮೆಸ್ಸಿನಲ್ಲಿ ನಾನು ಸಾರ್ಜೆಂಟ್, ಚಿಕ್ಕವೀರಯ್ಯ ಅಂತ. ಇವನನ್ನ ತಂದು ನನ್ನ ತಲೆಗೇ ಕಟ್ಟಿದರು. ಮೆಸ್ಸು ಅಂದರೆ ಬರೀ ಊಟದ ಮನೆ ಅಂದ್ಕೋಬೇಡಿ. ಹಗಲೆಲ್ಲ ಆಕಾಶದಲ್ಲಿ ಜೀವ ಕೈಲಿ ಹಿಡಿದುಕೊಂಡು ಹಾರಿದೋರು ಸಂಜೆ ಅಲ್ಲಿಗೆ ಬಂದರೆ ಸ್ಕೂಲು ಬಿಟ್ಟ ಮಕ್ಕಳು! ಕೂಗೋದೇನು, ಕುಣಿಯೋದೇನು. ಎಂಥ ಹುಡುಗರಪ್ಪ ಅವರು! ಈಗ ನೆನೆಸಿಕೊಂಡರೂ ಎದೆ ಉಬ್ಬುತ್ತೆ.

ಮೊದಲನೇ ದಿನ ನಾನು ಹೇಳಿದೆ. "ನೋಡೋ, ಸಾಹೇಬರು ಕೇಳೋವರೆಗೂ ಕಾಯಬಾರದು. ಖಾಲಿ ಕಂಡರೆ ತುಂಬಿಸು, ಅಷ್ಟೆ."

"ಸರಿ ಸಾರ್!"

ನಿಂಬೆ ಶರಬತ್ತಿನ ಜಗ್ಗು ಹಿಡಿದು ಹೊರಟ. ಗ್ಲಾಸು ಖಾಲಿ, ತುಂಬಿಸಿದ. ಹೂದಾನಿ ಖಾಲಿ, ತುಂಬಿಸಿದ. ಬೂದಿ ತಟ್ಟೆ ಖಾಲಿ, ತುಂಬಿಸಿದ. ಒಳಗೆ ಮುಗೀತು, ವರಾಂಡಕ್ಕೆ ಹೋದ. ನಮ್ಮ ಮೆಸ್ಸಿಗೆ ಯಾರೂ ಟೋಪಿ ಹಾಕ್ಕೊಂಡು ಬರೋ ಹಾಗಿಲ್ಲ, ವರಾಂಡದ ಹಲಗೆ ಮೇಲೆ ತೆಗೆದಿಟ್ಟು ಬರಬೇಕು. ಅಲ್ಲಿ ಸಾಲಾಗಿ ಟೋಪಿಗಳು, ಎಲ್ಲ ಅಂಗಾತ ಬಿದ್ದಿವೆ. ಎಲ್ಲ ಖಾಲಿ!

ಆಮೇಲೆ ಏನಾಯ್ತು ಅಂತ ನಾನು ಹೇಳಬೇಕಾ? ನಮ್ಮ ಏರ್‌ಫೋರ್ಸ್ ಸ್ಟೇಷನ್ನಿಗೇ ದೊಡ್ಡೋರು ಗ್ರೂಪ್ ಕ್ಯಾಪ್ಟನ್ ನರಗುಂದ ಸಾಹೇಬರು, ಧಾರವಾಡದ ಕಡೆಯೋರು. ಯಾರ ಜೊತೆಗೋ ಮಾತಾಡ್ತಾ ಬಂದು, ನೋಡದೆ ಟೋಪಿ ಎತ್ತಿ ತಲೆಗಿಟ್ಟರು. ಶರಬತ್ತು ಮೀಸೆಯಿಂದ ಇಳಿದು ಮೆಡಲ್ಲಿನವರೆಗೂ ಹರೀತು!

"ಲೋ ದಡ್ಡ!" ಅಂತ ನಾನು ಕಿರುಚಿದೆ. "ಸಾಹೇಬರ ವಸ್ತು ಮುಟ್ಟೀಯಾ ಜೋಕೆ! ಸಾಹೇಬರಿಗೆ ಸಂಬಂಧಪಟ್ಟದ್ದು ಏನೇ ಆಗಲಿ, ಕೈ ಕಟ್ಟಿಕೊಂಡು ನಿಂತು ನೋಡು. ಕೈ ಮಾತ್ರ ಹಾಕಬೇಡ!"

"ಸರಿ ಸಾರ್!"

ಮುಂದಿನ ಶನಿವಾರ ಸಂಜೆ ಹುಡುಗರು ಆಟ ಹೂಡಿದರು. ಏನು ಆಟ ಅಂತೀರಿ? ಊಟದ ಮೇಜುಗಳನ್ನೆಲ್ಲ ಸಾಲಾಗಿ ಜೋಡಿಸಿ, ಮೇಲೆ ಸೋಪಿನ ನೀರು ಸುರೀತಾರೆ. ಅದು ರನ್‌ವೇ! ದೂರದಿಂದ ಓಡಿ ಬಂದು, ಎರಡೂ ಕೈ ರೆಕ್ಕೆ ಥರ ಚಾಚಿ, ಹೊಟ್ಟೆ ಮೇಲೆ ಜಾರ್ತಾರೆ. ಅದು ಲ್ಯಾಂಡಿಂಗ್! ಆ ತುದೀಲಿ ಒಬ್ಬ ನಿಂತು ಹಿಡ್ಕೋಬೇಕು. ಅವತ್ತು ಬೋರಲಿಂಗನ್ನ ನಿಲ್ಲಿಸಿದರು.

ಫ್ಲೈಟ್ ಲೆಫ್ಟಿನೆಂಟ್ ಪಳಂಗಪ್ಪ, ಕೊಡಗಿನ ಹುಡುಗ, ಆರಡಿ ಆಳು, ಬಂದ ನೋಡಿ! ಸರ್ರ್ ಅಂತ ಜಾರಿಕೊಂಡು ಬಂದ.

"ಹಿಡಿಯೋ! ಹಿಡಿಯೋ!"

ಇವನು ಕೈ ಕಟ್ಟಿಕೊಂಡು ನಿಂತಿದ್ದಾನೆ. "ಮುಟ್ಟಬಾರದಂತೆ ಸಾರ್!"

ಪಳಂಗಪ್ಪ ಮೇಜು ದಾಟಿದ, ಬಾಗಿಲು ದಾಟಿದ, ಅಡುಗೆಮನೆಗೆ ಹೋಗಿ ಪೂರಿ ಹಿಟ್ಟಿನ ಕೊಪ್ಪರಿಗೆಯಲ್ಲಿ ತಲೆ ನೆಟ್ಟು ನಿಂತ. ನಾಲ್ಕು ಜನ ಸೇರಿ ಎಳೆದೆವು. ಮುಖ ತುಂಬ ಹಿಟ್ಟು, ಹಲ್ಲು ಮಾತ್ರ ಕಾಣ್ತಿದೆ. ಬೈತಾನೆ ಅಂದ್ಕೊಂಡರೆ, "ಇಂಥ ಲ್ಯಾಂಡಿಂಗ್ ಇಡೀ ಏರ್‌ಫೋರ್ಸಲ್ಲಿ ಯಾರೂ ಮಾಡಿಲ್ಲ!" ಅಂತ ಹೊಟ್ಟೆ ಹಿಡ್ಕೊಂಡು ನಕ್ಕ. ಅದಕ್ಕೇ ಹೇಳಿದ್ದು, ದೊಡ್ಡ ಮನಸ್ಸಿನ ಹುಡುಗರು.

ನನಗೆ ನಗು ಬರಲಿಲ್ಲ. "ಮೊದಲೇ ಹೇಳದೆ ಮೂಗನ ಹಾಗೆ ನಿಂತಿದ್ದೆಯಲ್ಲೋ! ಎಡವಟ್ಟು ಏನಾದರೂ ಕಂಡರೆ ಬಾಯಿ ಬಿಡು! ಎಲ್ಲರಿಗೂ ಕೇಳೋ ಹಾಗೆ ಕೂಗಿ ಹೇಳು!"

"ಸರಿ ಸಾರ್!"

ಅಯ್ಯೋ, ಆ ಮಾತು ಯಾಕಾದರೂ ಆಡಿದೆನೋ. ಎರಡೇ ದಿನಕ್ಕೆ ಹೆಡ್‌ಕ್ವಾರ್ಟರ್ಸಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಅವರಿಗೆ ಮಧ್ಯಾಹ್ನದ ಔತಣ. ಮೇಡಮ್ಮಗಳು, ಮಕ್ಕಳು, ಬ್ಯಾಂಡು, ಎಲ್ಲ ಉಂಟು. ಅಧಿಕಾರಿ ಹೊಟ್ಟೆ ತುಂಬ ಉಂಡರು, ಬಿಗಿಯಾಯ್ತು ಪಾಪ, ಮೇಜಿನ ಕೆಳಗೆ ಮೆಲ್ಲಗೆ ಪ್ಯಾಂಟಿನ ಗುಂಡಿ ಸಡಿಲಿಸಿದರು. ಆಮೇಲೆ ಅದನ್ನ ಮರೆತು ಭಾಷಣಕ್ಕೆ ಎದ್ದು ನಿಂತರು.

"ಎಲ್ಲರೂ ಕೇಳ್ರಪ್ಪೋ!" ಅಂತ ಕೂಗಿದ ಬೋರಲಿಂಗ. "ದೊಡ್ಡ ಸಾಹೇಬರ ಪ್ಯಾಂಟಿನ ಗುಂಡಿ ಬಿಚ್ಚಿಕೊಂಡೈತೆ!"

ಬ್ಯಾಂಡು ನಿಂತುಹೋಯ್ತು. ಭಾಷಣವೂ ಆಗಲಿಲ್ಲ, ಆ ಮನುಷ್ಯ ಪ್ಯಾಂಟು ಹಿಡ್ಕೊಂಡೇ ಕಾರು ಹತ್ತಿದರು.

ನರಗುಂದ ಸಾಹೇಬರು ನನ್ನನ್ನ ಕರೆಸಿದರು. ಮುಖ ಕೆಂಡ ಆಗಿತ್ತು. "ಚಿಕ್ಕವೀರಯ್ಯ, ಸಾಕಪಾ ಸಾಕು. ಈ ಐತವಾರ ಸ್ಟೇಷನ್ನಿನ ಹುಟ್ಟುಹಬ್ಬ, ಎಲ್ಲಾರ ಮನಿ ಮಂದಿ ಊಟಕ್ಕ ಬರ್ತಾರ. ಅವನ ಅವ್ವಗೂ ಕಾಗದ ಬರಿ. ಅಷ್ಟರಾಗ ಇನ್ನೊಂದು ತಪ್ಪು ಆತಂದ್ರ, ಅವ್ವನ ಕೂಡ ಅವನ್ನೂ ಊರಿಗೆ ಕಳಿಸಿಬಿಡು."

ಅವತ್ತು ಮೊದಲನೇ ಸಲ ಬೋರಲಿಂಗ ಅತ್ತದ್ದು ನೋಡಿದೆ. "ಸಾರ್, ನಮ್ಮವ್ವನ್ನ ಮತ್ತೆ ಪೆದ್ದನ ತಾಯಿ ಅಂತಾರೆ ಸಾರ್." ರಾತ್ರಿಯೆಲ್ಲ ಯೋಚನೆ ಮಾಡಿದೆ, ಇವನು ಕೆಡಿಸೋಕೆ ಆಗದ ಕೆಲಸ ಯಾವುದಪ್ಪಾ ಅಂತ. ಹೊಳೀತು!

ಮೆಸ್ಸಿನ ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಗಂಟೆ. ಟೋಪಿ ತೆಗೆಯೋದು ಮರೆತು ಯಾರಾದರೂ ಒಳಗೆ ಕಾಲಿಟ್ಟರೆ ಆ ಗಂಟೆ ಬಾರಿಸ್ತಾರೆ. ಬಾರಿಸಿದರೆ ಮುಗೀತು, ಟೋಪಿಯೋನು ಒಳಗೆ ಇರೋರಿಗೆಲ್ಲ ತಿನ್ನಿಸಿ ಕುಡಿಸಬೇಕು. ಎಷ್ಟೋ ವರ್ಷದ ಪದ್ಧತಿ. ಆದರೆ ನಿಜ ಹೇಳ್ತೀನಿ, ಚಿಕ್ಕೋರು ಮರೆತರೆ ಢಣ್ ಅಂತಿತ್ತು, ದೊಡ್ಡೋರು ಮರೆತರೆ ಎಲ್ಲರೂ ಆ ಕಡೆ ಮುಖ ಮಾಡಿ ಕೆಮ್ತಿದ್ದರು.

"ಬಾಯಿ ಬಿಡಬೇಡ. ಏನೂ ತುಂಬಿಸಬೇಡ," ಅಂದೆ. "ಬಾಗಿಲಲ್ಲಿ ನಿಂತ್ಕೋ. ತಲೆ ಮೇಲೆ ಏನಾದರೂ ಇಟ್ಕೊಂಡು ಒಳಗೆ ಬಂದರೆ, ಯಾರೇ ಬರಲಿ, ಗಂಟೆ ಹೊಡಿ. ಅಷ್ಟೇ ಕಣಪ್ಪ, ನಿನ್ನ ಕಾಲಿಗೆ ಬೀಳ್ತೀನಿ!"

"ಸರಿ ಸಾರ್!"

ಭಾನುವಾರ ಮಧ್ಯಾಹ್ನ, ಹುಟ್ಟುಹಬ್ಬದ ಊಟ. ಮೆಸ್ಸು ತುಂಬಿದೆ. ಎಲ್ಲರೂ ಟೋಪಿ ತೆಗೆದಿಟ್ಟೇ ಬರ್ತಿದ್ದಾರೆ. ಗಂಟೆ ಹಗ್ಗ ಹಿಡಿದು ಬೋರಲಿಂಗ ಕಂಬದ ಹಾಗೆ ನಿಂತಿದ್ದಾನೆ. ದೇವರು ದೊಡ್ಡೋನು, ಇವತ್ತೊಂದು ದಿನ ದಾಟಿಬಿಡ್ತು ಅಂತ ನಾನು ಉಸಿರು ಬಿಡೋ ಹೊತ್ತಿಗೆ, ವರಾಂಡದ ಮೆಟ್ಟಿಲು ಹತ್ತಿ ಬಂದಳು ಸಣ್ಣತಾಯಮ್ಮ.

ಬರೀ ಬಂದಳಾ? ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ದೊಡ್ಡ ಬುಟ್ಟಿ! ಬುಟ್ಟಿ ತುಂಬ ಕಜ್ಜಾಯ. ನಾನು ಕಾಗದದಲ್ಲಿ ಎಲ್ಲ ಬರೆದಿದ್ದೆ, ಅದಕ್ಕೇ ಸಾಹೇಬರ ಬಾಯಿಗೆ ಸಿಹಿ ಹಾಕಿ, ಕೈ ಮುಗಿದು, ಮಗನ್ನ ಉಳಿಸಿಕೊಳ್ಳೋಣ ಅಂತ ಮೂರು ದಿನ ಕೂತು ಕರಿದು ತಂದಿದ್ದಳು.

ಮಗನ್ನ ಕಂಡಳು, ನಕ್ಕಳು, ಒಳಗೆ ಕಾಲಿಟ್ಟಳು. ಇವನೂ ಅವ್ವನ್ನ ನೋಡಿದ. ಮುಖ ಅರಳಿತು. ಆಮೇಲೆ ಕಣ್ಣು ಮೆಲ್ಲಗೆ ಮೇಲಕ್ಕೆ ಹೋಯ್ತು, ಬುಟ್ಟಿ ಮೇಲೆ ನಿಂತಿತು. ನಾನು ಆ ಮೂಲೆಯಿಂದ ಎರಡೂ ಕೈ ಆಡಿಸಿದೆ. ಬೇಡ ಕಣೋ! ಬೇಡ ಕಣೋ!

ಢಣ್! ಢಣ್! ಢಣ್!

ಸಣ್ಣತಾಯಮ್ಮ ಮಂಗಳಾರತಿ ಅಂದ್ಕೊಂಡು ಕಣ್ಣು ಮುಚ್ಚಿ ಕೈ ಮುಗಿದುಬಿಟ್ಟಳು. ನರಗುಂದ ಸಾಹೇಬರು ಎದ್ದು ಬಂದರು.

"ಯಾರಿಗಲೇ ಗಂಟಿ ಹೊಡದಿ?"

"ನಮ್ಮವ್ವನಿಗೆ ಸಾರ್. ತಲೆ ಮೇಲೆ ಬುಟ್ಟಿ ಐತೆ ಸಾರ್."

"ಅವ್ವ ಅಂತ ಗೊತ್ತಿತ್ತೇನು?"

"ಗೊತ್ತಿತ್ತು ಸಾರ್. ಆದರೆ ಯಾರೇ ಬರಲಿ ಅಂದವ್ರೆ ಸಾರ್."

ಸಣ್ಣತಾಯಮ್ಮನಿಗೆ ಏನೋ ತಪ್ಪಾಗಿದೆ ಅಂತ ಗೊತ್ತಾಯ್ತು. ನಾನು ಓಡಿ ಹೋಗಿ, "ತಾಯಿ, ಗಂಟೆ ಯಾರಿಗೆ ಬಾರಿಸ್ತಾರೋ ಅವರು ಇಲ್ಲಿರೋರಿಗೆಲ್ಲ ತಿನ್ನೋಕೆ ಕೊಡಬೇಕು, ಇಲ್ಲಿನ ಪದ್ಧತಿ" ಅಂದೆ.

"ಅಷ್ಟೇನಾ? ಮತ್ತೆ ನಾನು ತಂದಿರೋದು ಯಾತಕ್ಕೆ?"

ಬುಟ್ಟಿ ಇಳಿಸಿದಳು, ಸೆರಗು ಸಿಕ್ಕಿಸಿದಳು. ಶುರುವಾಯ್ತು ನೋಡಿ! ಆಕಾಶ ಸೀಳೋ ಹುಡುಗರೆಲ್ಲ ಕೈ ಚಾಚಿ ಸಾಲಲ್ಲಿ ನಿಂತರು. ಪಳಂಗಪ್ಪ ಎರಡನೇ ಸಲ ನುಸುಳಿದ, ಕೈ ಮೇಲೆ ಫಟ್ ಅಂತ ಒಂದು ಬಿತ್ತು. "ನಿನ್ನ ಸರದಿ ಮುಗೀತಲ್ಲಪ್ಪ, ಹಿಂದಕ್ಕೆ ಹೋಗು!" ಮೆಸ್ಸಿಗೆ ಮೆಸ್ಸೇ ನಕ್ಕಿತು. ಎಲ್ಲರಿಗೂ ಕೊಟ್ಟು, ಕೊನೇ ಕಜ್ಜಾಯ ಸಾಹೇಬರ ಕೈಗಿಟ್ಟು, "ಸಾಮಿ, ನನ್ನ ಮಗ ದಡ್ಡ. ಆದರೆ ಕೆಟ್ಟೋನಲ್ಲ" ಅಂದಳು.

ಸಾಹೇಬರು ಕಜ್ಜಾಯ ಅಗಿದರು. ಬಹಳ ಹೊತ್ತು ಅಗಿದರು.

"ಅವ್ವಾರ, ನಾವು ವಿಮಾನ ಹತ್ತೂಕಿಂತ ಮೊದಲು ಒಂದು ಚೀಟಿ ಓದ್ತೀವಿ. ಅದರಾಗ ಬರದದ್ದು ಬರದಂಗ ಮಾಡಬೇಕು. ಒಂದು ಬಿಟ್ಟರೂ ಜೀವ ಹೋಕ್ಕದ. ಅದನ್ನ ಕಲಸಾಕ ನನಗ ಈ ಹುಡುಗರ ಕೂಡ ವರ್ಷಗಟ್ಟಲೆ ಒದ್ದಾಟ. ನಿಮ್ಮ ಮಗ ಹುಟ್ತಲೇ ಕಲ್ತು ಬಂದಾನ. ನಾವು ದೊಡ್ಡವರನ್ನ ಕಂಡು ಕೆಮ್ಮಿದವರು, ಅಂವ ಹೆತ್ತ ಅವ್ವನ್ನೂ ಬಿಡಲಿಲ್ಲ. ಇದು ತಪ್ಪಲ್ಲ. ಎಲ್ಲಿಗೂ ಕಳಸಂಗಿಲ್ಲ ಅವನ್ನ, ಈ ಬಾಗಲಾ ಅವಂದ!"

ಸಣ್ಣತಾಯಮ್ಮ ಸೆರಗು ಬಾಯಿಗೊತ್ತಿ ಅತ್ತಳು. ನಾನೂ ಅತ್ತೆ, ನಾಚಿಕೆ ಏನು. ಸಾಹೇಬರಿಗೂ ಮನಸ್ಸು ತಡೀಲಿಲ್ಲ. ಇಂಥ ತಾಯಿಗೆ ಒಂದು ಸೆಲ್ಯೂಟ್ ಹೊಡೀಬೇಕು ಅನ್ನಿಸಿತು. ನಮ್ಮಲ್ಲಿ ಬರಿ ತಲೇಲಿ ಸೆಲ್ಯೂಟ್ ಹೊಡೆಯೋ ಹಾಗಿಲ್ಲ, ಟೋಪಿ ಇರಲೇಬೇಕು. ದಡದಡ ವರಾಂಡಕ್ಕೆ ಹೋದರು, ಟೋಪಿ ತಲೆಗಿಟ್ಟರು, ಹಾಗೇ ಒಳಗೆ ಬಂದು, ಅವಳ ಮುಂದೆ ನೆಟ್ಟಗೆ ನಿಂತು, ಎತ್ತಿದರು ಕೈ!

ಢಣ್! ಢಣ್! ಢಣ್!

ಯಾರೂ ಕೆಮ್ಮಲಿಲ್ಲ. ಸಾಹೇಬರು ಎತ್ತಿದ ಕೈ ಎತ್ತಿದ ಹಾಗೇ ನಿಂತಿದ್ದಾರೆ.

"ಅಯ್ಯೋ ಮುಂಡೇದೆ!" ಅಂತ ಸಣ್ಣತಾಯಮ್ಮ ತಲೆ ಚಚ್ಚಿಕೊಂಡಳು. "ಸಾಹೇಬರನ್ನಾದರೂ ಬಿಡಬಾರದೇನೋ!"

"ನಿನ್ನನ್ನೇ ಬಿಡಲಿಲ್ಲವಲ್ಲವ್ವ!" ಅಂದ ಬೋರಲಿಂಗ.