ಬ್ಯಾಟರಿಗೊಂದು ತಂಪು ಕೋಣೆ

ಕೊಪ್ಪಳದ ಕಡೆ ಒಂದು ಹಳ್ಳಿ. ಹಗಲು ಸೋಲಾರ್ ಫಲಕಗಳು ಮಾಡಿದ ಕರೆಂಟನ್ನು ಆಳೆತ್ತರದ ಬ್ಯಾಟರಿಯೊಂದು ತುಂಬಿಟ್ಟುಕೊಂಡು, ಸಂಜೆ ಊರಿಗೆಲ್ಲ ಹಂಚುತ್ತಿತ್ತು. ಅದು ಇದ್ದದ್ದು ಶಾಲೆಯ ಹಿಂದಿನ ಕೋಣೆಯಲ್ಲಿ. ಅದನ್ನು ನೋಡಿಕೊಳ್ಳುವವಳು ಹುಲಿಗೆವ್ವ.

ಒಂದು ಬೇಸಿಗೆ, ಪಂಚಾಯ್ತಿ ಅಧ್ಯಕ್ಷ ಪಂಪನಗೌಡರು ಮಲಗುವ ಕೋಣೆಗೆ ಎಸಿ ಹಾಕಿಸಿದರು. ಮರುದಿನವೇ ಬಂದು ಗುಡುಗಿದರು.

"ಹುಲಿಗೆವ್ವ, ನನ್ನ ಎಸಿ ರಾತ್ರಿಯೆಲ್ಲ ಓಡಬೇಕು. ಈ ಬ್ಯಾಟರಿ ನಾಳೆ ನನ್ನ ಮನಿಗೆ ಬರಬೇಕು. ಇಲ್ಲಂದ್ರ ನಿನ್ನ ಕೆಲಸ ಹೋತು ಅಂತ ತಿಳಕೋ."

"ಆತ್ರಿ ಗೌಡ್ರ," ಅಂದಳು ಹುಲಿಗೆವ್ವ. "ಆದ್ರ ಇದಕ್ಕ ಸೆಕಿ ಆಗಿಬರಂಗಿಲ್ಲ. ಇಲ್ಲಿ ಬೇವಿನ ಗಿಡದ ನೆರಳೈತಿ. ಬಾಜೂಕಿನ ನಳಕ್ಕ ನೀರಿಗೆ ಬಂದ ಹೆಣ್ಮಕ್ಕಳು ಕಿಟಕಿಯ ಗೋಣಿತಟ್ಟಿಗೆ ಒಂದೊಂದು ತಂಬಿಗಿ ನೀರು ಹೊಡದು ಹೋಗ್ತಾರ. ನಿಮ್ಮ ಮನ್ಯಾಗ ತಂಪು ಜಾಗ ಯಾವುದೈತ್ರಿ?"

ಗೌಡರು ಎದೆಯುಬ್ಬಿಸಿದರು. "ನನ್ನ ಎಸಿ ಕೋಣಿ!"

"ಚಲೋ ಆತ್ರಿ. ಮಂಚ ತಗದ್ರ ಸರಿಯಾಗಿ ಹಿಡಸ್ತೈತಿ."

"ಮಂಚ ತಗದ್ರ ನಾ ಎಲ್ಲಿ ಮಲಗ್ಲಿ?"

"ಹೊರಗ ಕಟ್ಟಿ ಮ್ಯಾಲ್ರಿ."

"ಮತ್ತ ಎಸಿ?"

"ಬ್ಯಾಟರಿ ಎಸಿನ ನಡಸ್ತೈತಿ, ಎಸಿ ಬ್ಯಾಟರಿನ ತಂಪು ಮಾಡ್ತೈತಿ. ಅವೆರಡೂ ಸುಖವಾಗಿರ್ತಾವ. ನಡುವ ನಿಮಗೇನ್ರಿ ಕೆಲಸ?"

ಗೌಡರು ಬ್ಯಾಟರಿಯನ್ನೊಮ್ಮೆ, ಹೊರಗಿನ ಬಿಸಿಲನ್ನೊಮ್ಮೆ ನೋಡಿದರು. "ಇಲ್ಲೇ ಇರ್ಲಿ ಬಿಡು," ಅಂದು ಹೋದರು.

ಮರುದಿನ ಮಧ್ಯಾಹ್ನ ಸುಡುಬಿಸಿಲು. ಬ್ಯಾಟರಿ ಕೋಣೆಯ ಬಾಗಿಲಲ್ಲಿ ಗೌಡರು ನಿಂತಿದ್ದರು, ಕಂಕುಳಲ್ಲಿ ದಿಂಬು.

"ಹುಲಿಗೆವ್ವ, ಇದರ ಬಾಜೂಕ ಒಂದು ಚಾಪಿ ಹಿಡಸ್ತೈತೇನು?"

"ಹಿಡಸ್ತೈತ್ರಿ," ಅಂದಳು ಅವಳು, ತಂಬಿಗೆ ಮುಂದೆ ಚಾಚುತ್ತ. "ಮೊದ್ಲು ಗೋಣಿತಟ್ಟಿಗೆ ನೀರು ಹೊಡದು ಬರ್ರಿ."