ಒಲೆಯ ಉಪವಾಸ

ಹೊಳೆದಂಡೆಯ ಆ ಆಶ್ರಮದಲ್ಲಿ ಒಲೆ ಆರಿದ್ದನ್ನು ಯಾರೂ ಕಂಡಿರಲಿಲ್ಲ. ದಾರಿಹೋಕರು ಯಾವ ಹೊತ್ತಿಗೆ ಬಂದರೂ ನಾಲ್ಕು ತುತ್ತು ಸಿಗುತ್ತಿತ್ತು. ಗುರುಗಳು ಉಪದೇಶ ಮಾಡುತ್ತಿದ್ದುದು ಕಡಿಮೆ, ಬಡಿಸುತ್ತಿದ್ದುದೇ ಹೆಚ್ಚು.

ಅಡುಗೆಮನೆ ಶಿಷ್ಯ ಮರುಳಸಿದ್ಧನ ಪಾಲಿಗೆ ಬಂದಿತ್ತು. ಅವನಿಗೋ ಹಸಿವನ್ನು ಗೆಲ್ಲುವ ಹಟ.

ಪಟ್ಟಣದ ಭಕ್ತರೊಬ್ಬರು ಅವನಿಗೆ ಹೊಸ ಬಗೆಯ ಉಪವಾಸ ಹೇಳಿಕೊಟ್ಟಿದ್ದರು. ರಾತ್ರಿ ಎಂಟಕ್ಕೆ ಊಟ ಮುಗಿಸಬೇಕು. ಮರುದಿನ ಹನ್ನೆರಡರ ತನಕ ಏನೂ ತಿನ್ನಬಾರದು. ಕಾಫಿ ಕುಡಿಯಬಹುದು, ಆದರೆ ಹಾಲು, ಸಕ್ಕರೆ ಸೋಕಿಸುವಂತಿಲ್ಲ. ಹಾಲು ಬಿದ್ದರೆ ಉಪವಾಸ ಮುರಿದಂತೆ.

"ಗುರುಗಳೇ, ಬೆಳಿಗ್ಗೆ ಕರಿಕಾಫಿ ಕುಡಿದುಬಿಟ್ಟರೆ ಹಸಿವೇ ಸತ್ತುಹೋಗುತ್ತೆ," ಎಂದ ಒಂದು ದಿನ. "ಆಶ್ರಮಕ್ಕೆ ಬರುವವರಿಗೆಲ್ಲ ಇದೇ ನಿಯಮ ಮಾಡೋಣವೇ?"

"ನೀನು ಉಪವಾಸ ಮಾಡು," ಎಂದರು ಗುರುಗಳು. "ಒಲೆಗೆ ಮಾಡಿಸಬೇಡ."

ಮರುಳಸಿದ್ಧ ತಲೆಯಾಡಿಸಿದ. ತಲೆಯಾಡಿಸುವುದು ಸುಲಭ ನೋಡಿ.

ಆ ವಾರವೇ ಗುರುಗಳು ಕಾಯಿಲೆ ಬಿದ್ದ ಗೆಳೆಯನನ್ನು ನೋಡಲು ಹೊಳೆಯಾಚೆಯ ಊರಿಗೆ ಹೋದರು. ಆಶ್ರಮದಲ್ಲಿ ಉಳಿದವನು ಇವನೊಬ್ಬನೇ.

ಅನ್ನ ಕಣ್ಣಿಗೆ ಬಿದ್ದರೆ ಮನಸ್ಸು ಜಾರುತ್ತದೆ ಎಂದುಕೊಂಡ. ರಾತ್ರಿ ಉಳಿದ ಅನ್ನವನ್ನೆಲ್ಲ ಹೊಳೆಯ ಮೀನುಗಳಿಗೆ ಸುರಿದು, ಪಾತ್ರೆ ಬೆಳಗಿ ಬೋರಲು ಹಾಕಿದ. ಬೆಳಿಗ್ಗೆ ಆಶ್ರಮದ ಹಸುವಿನ ಹಾಲು ಕರೆಯದೆ ಪೂರ್ತಿ ಕರುವಿಗೇ ಬಿಟ್ಟ. ಕಾಫಿ ಕಾಸಿಕೊಂಡು, ಒಲೆಗೆ ನೀರು ಚಿಮುಕಿಸಿ ಆರಿಸಿದ.

ಆಗ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಬರಿಗಾಲು. ಮೈಭಾರವನ್ನೆಲ್ಲ ಬಾಗಿಲವಾಡಕ್ಕೆ ಆನಿಸಿದ್ದಳು.

"ಇಲ್ಲಿ ಯಾವಾಗ ಬಂದ್ರೂ ಉಣ್ಣಕ್ಕಿಕ್ತಾರೆ ಅಂದ್ರು ಬುದ್ಧಿ. ಮೊನ್ನೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ."

"ಹನ್ನೆರಡಕ್ಕೆ ಊಟ ಅಜ್ಜಿ. ಅಲ್ಲೀವರೆಗೆ ಈ ಕಾಫಿ ಕುಡೀರಿ. ಹಸಿವು ಸಾಯುತ್ತೆ."

ಅವಳು ಲೋಟದೊಳಗೆ ನೋಡಿದಳು. "ಒಂದು ತೊಟ್ಟು ಹಾಲಿದ್ರೆ ಹಾಕಿ ಬುದ್ಧಿ."

"ಹಾಲು ಹಾಕಬಾರದು."

"ಒಂದು ಚೂರು ಬೆಲ್ಲ?"

"ಅದೂ ಬೇಡ. ಹೀಗೇ ಕುಡೀಬೇಕು. ಅಭ್ಯಾಸ ಆಗುತ್ತೆ."

ಮುದುಕಿ ನಕ್ಕಳು. "ಅಭ್ಯಾಸ ಐತೆ ಬುದ್ಧಿ. ಕಾಫಿ ತೋಟದ ಕೂಲಿಯೋರ ಲೈನ್ ಮನೇಲಿ ಬೆಳೆದೋಳು ನಾನು. ಅಕ್ಕಿ ಇಲ್ಲದ ದಿನ ನಮ್ಮವ್ವ ಇದನ್ನೇ ಕಾಸಿಕೊಡ್ತಿದ್ಲು."

ಮರುಳಸಿದ್ಧನಿಗೆ ಹಿಗ್ಗಾಯಿತು. ತನ್ನ ಸಾಧನೆಗೆ ಹಳಬರ ಸಾಕ್ಷಿಯೂ ಸಿಕ್ಕಿತಲ್ಲ ಎಂದುಕೊಂಡ. ಅವಳು ಹೇಳಿದ್ದೇನು, ಈ ಮಹಾನುಭಾವ ಕೇಳಿಸಿಕೊಂಡದ್ದೇನು!

ಮುದುಕಿ ಕಾಫಿ ಕುಡಿದು ಜಗಲಿಯ ಕಂಬಕ್ಕೆ ಒರಗಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು.

"ಇನ್ನೂ ಎಷ್ಟೊತ್ತು ಬುದ್ಧಿ?"

"ಹೊತ್ತು ನೋಡ್ತಾ ಕೂತರೆ ಹಸಿವು ಜಾಸ್ತಿಯಾಗುತ್ತೆ ಅಜ್ಜಿ. ಸುಮ್ಮನೆ ಕಣ್ಣು ಮುಚ್ಚಿಕೊಂಡು ಕೂತ್ಕೊಳ್ಳಿ."

ಹೇಳಿ ತಾನೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ.

ಅಡುಗೆಗೆ ಎದ್ದಾಗ ನೋಡಿದ. ಮುದುಕಿ ಕಣ್ಣು ಮುಚ್ಚಿ ಅಲ್ಲಾಡದೆ ಕೂತಿದ್ದಳು. ಪರವಾಗಿಲ್ಲ, ಹೇಳಿದ ಮಾತು ಕೇಳುತ್ತಾಳೆ ಎಂದುಕೊಂಡು ಒಳಗೆ ಹೋದ.

ಹನ್ನೆರಡಕ್ಕೆ ಸರಿಯಾಗಿ ಎಲೆ ಹಾಕಿ, ಬಿಸಿ ಅನ್ನ ಬಡಿಸಿ, ಹೊರಗೆ ಬಂದು ಕೂಗಿದ.

"ಅಜ್ಜಿ, ಏಳಿ. ಊಟಕ್ಕಾಯ್ತು."

ಅವಳು ಏಳಲಿಲ್ಲ. ಕೈ ಮುಟ್ಟಿ ನೋಡಿದ. ತಣ್ಣಗಿತ್ತು.

ಸಂಜೆ ಗುರುಗಳು ಬಂದರು. ಮರುಳಸಿದ್ಧ ಒಂದನ್ನೂ ಮುಚ್ಚಿಡದೆ, ಅವಳು ಆಡಿದ ಮಾತು, ತಾನು ಆಡಿದ ಮಾತು ಎಲ್ಲ ಹೇಳಿದ. ಗುರುಗಳು ಮುದುಕಿಯ ಪಕ್ಕ ಕೂತು, ಅವಳ ತುಟಿಯಂಚಿನಲ್ಲಿ ಒಣಗಿದ್ದ ಕಾಫಿಯನ್ನು ತಮ್ಮ ಶಲ್ಯದಿಂದ ಒರೆಸಿದರು.

"ಹೆಸರೇನಂತೆ?"

"ಕೇಳಲಿಲ್ಲ ಗುರುಗಳೇ."

"ಊರು?"

"ಅದನ್ನೂ ಕೇಳಲಿಲ್ಲ."

ಹತ್ತಿರದ ಹಳ್ಳಿಯವರು ಬಂದು ನೋಡಿದರು. ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಹೊಳೆದಂಡೆಯಲ್ಲೇ ಗುಣಿ ತೆಗೆದು ಮಣ್ಣು ಮಾಡಿದರು.

ಎಲ್ಲರೂ ಹೋದ ಮೇಲೆ ಮರುಳಸಿದ್ಧ ಗುರುಗಳ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅವನ ಸಂಕಟ ಸುಳ್ಳಿನದಲ್ಲ, ಪಾಪ.

"ನನ್ನಿಂದ ಒಂದು ಜೀವ ಹೋಯಿತು. ಇನ್ನು ನಾನು ಅನ್ನ ಮುಟ್ಟುವುದಿಲ್ಲ ಗುರುಗಳೇ. ಉಪವಾಸವಿದ್ದೇ ಪ್ರಾಣ ಬಿಡುತ್ತೇನೆ."

ಗುರುಗಳು ಕಾಲು ಬಿಡಿಸಿಕೊಂಡರು.

"ಈಗಲೂ ನಿನ್ನ ಹೊಟ್ಟೆಯ ಮಾತೇ? ಮೂರನೆಯ ದಿನ ಹಾಲು-ತುಪ್ಪ ಬಿಡಬೇಕು. ಅವಳಿಗೆ ಅಡುಗೆ ಮಾಡು."

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಅವನು ಒಲೆ ಹಚ್ಚಿದ. ಅನ್ನ, ಸಾರು, ಪಲ್ಯ, ಪಾಯಸ ಮಾಡಿದ. ಹಾಲು ಕರೆದು ತಂದ.

ಮಣ್ಣಿನ ಗುಡ್ಡೆಯ ಮೇಲೆ ಹಾಲು ಬಿಟ್ಟ, ತುಪ್ಪ ಬಿಟ್ಟ. ಒಣಮಣ್ಣು ಹಾಲನ್ನು ಒಂದೇ ಗುಟುಕಿಗೆ ಹೀರಿಕೊಂಡಿತು. ಎಲೆ ಹಾಸಿ ಎಡೆ ಬಡಿಸಿದ. ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟ. ಹಾಲು ಹಾಕಿದ್ದ, ಬೆಲ್ಲವನ್ನೂ ಹಾಕಿದ್ದ.

ಕಾಗೆ ಬಂದು ಎಡೆ ಮುಟ್ಟಬೇಕು. ಆಗಲೇ ಸತ್ತವರು ಉಂಡಂತೆ. ಅಲ್ಲಿಯವರೆಗೆ ಇಟ್ಟವರೂ ಉಣ್ಣುವಂತಿಲ್ಲ.

ಮರದ ಮೇಲೆ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

ಬಿಸಿಲೇರಿತು. ಅನ್ನ ಒಣಗತೊಡಗಿತು. ಕಾಫಿಯ ಮೇಲೆ ಕೆನೆ ಕಟ್ಟಿತು. ಹನ್ನೆರಡು ದಾಟಿತು, ಹೊತ್ತು ವಾಲಿತು. ಗುರುಗಳೂ ಏನೂ ತಿನ್ನದೆ ಪಕ್ಕದಲ್ಲೇ ಕೂತಿದ್ದರು. ಮರುಳಸಿದ್ಧನಿಗೆ ಹೊಟ್ಟೆ ಹಿಂಡಿ ಕಣ್ಣು ಕತ್ತಲೆ ಬಂತು. ಕೊನೆಗೆ ತಡೆಯಲಾರದೆ ಕೇಳಿದ.

"ಇನ್ನೂ ಎಷ್ಟು ಹೊತ್ತು ಗುರುಗಳೇ?"

ಗುರುಗಳು ಆ ಗುಡ್ಡೆಯಿಂದ ಕಣ್ಣು ಕೀಳಲಿಲ್ಲ.

"ಆ ತಾಯಿಯೂ ಇದನ್ನೇ ಕೇಳಿದ್ದಳಲ್ಲ," ಎಂದರು. "ನೀನು ಏನು ಹೇಳಿದ್ದೆ?"