ಕೊಳದ ಮೇಲಿನ ಹಳದಿ

ಚೆನ್ನಮಲ್ಲನೆಂಬ ಶಿಷ್ಯ ಗುರುವಿನ ಎದುರು ಕುಳಿತು ಕೇಳಿದ: "ಗುರುಗಳೇ, ನಿನ್ನೆ ಮಠದ ಬಾಗಿಲಲ್ಲಿ ಇಬ್ಬರು ಯಾತ್ರಿಕರು ಹೊಡೆದಾಡಿದರು. ಒಬ್ಬನ ಹಣೆ ಒಡೆದು ರಕ್ತ ಬಂತು. ನಾನು ಅಲ್ಲಿಯೇ ನಿಂತು ನೋಡಿದೆ. ಮನಸ್ಸು ಒಂದಿಷ್ಟೂ ಅಲುಗಲಿಲ್ಲ. ತಾವು ಹೇಳುವ ಸಾಕ್ಷಿಭಾವ ಇದೇ ಅಲ್ಲವೇ?"

ಅವನ ದನಿಯಲ್ಲಿ ಸಂತೋಷವಿತ್ತು. ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದ. ಅವನು ದೇವರನ್ನು ಬರೆಯುತ್ತಿರಲಿಲ್ಲ, ರಾಜರನ್ನು ಬರೆಯುತ್ತಿರಲಿಲ್ಲ. ಬಿಸಿಲು ಬಿದ್ದಾಗ ಲೋಕ ಕಣ್ಣಿಗೆ ಹೇಗೆ ಕಾಣುತ್ತದೆಯೋ ಅದನ್ನಷ್ಟೇ ಬರೆಯುತ್ತಿದ್ದ. ಅವನ ಚಿತ್ರದಲ್ಲಿ ಗೆರೆಗಳಿರಲಿಲ್ಲ. ಕುಂಚದಿಂದ ಬಣ್ಣವನ್ನು ಚುಕ್ಕೆಚುಕ್ಕೆಯಾಗಿ ಮೆತ್ತುತ್ತಿದ್ದ. ಹತ್ತಿರ ಹೋದರೆ ಬರೀ ಬಣ್ಣ. ಹಿಂದೆ ಸರಿದು ನಿಂತರೆ ಮರ, ನೀರು, ಮನುಷ್ಯರು. ಹೀಗೆ ಬರೆಯಲು ಅವನು ಒಂದು ಅಭ್ಯಾಸ ಮಾಡಿಕೊಂಡಿದ್ದ. ಕಂಡದ್ದು ಏನೆಂದು ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ. ಮರವನ್ನು ಮರವೆಂದುಕೊಂಡ ಕೂಡಲೇ ಕಣ್ಣು ನೋಡುವುದನ್ನು ಬಿಡುತ್ತದೆ ಎನ್ನುತ್ತಿದ್ದ. ಹಸಿರು ಕಂಡರೆ ಹಸಿರು, ಅಷ್ಟೇ. ವರ್ಷಗಟ್ಟಲೆ ಸಾಧನೆ ಮಾಡಿ ಇದನ್ನು ಒಲಿಸಿಕೊಂಡಿದ್ದ.

ಒಂದು ರಜೆಯ ದಿನ ಅವನು ದೂರದ ಊರೊಂದಕ್ಕೆ ಹೋದ. ಅಲ್ಲೊಂದು ಸಾರ್ವಜನಿಕ ಉದ್ಯಾನವಿತ್ತು. ಜನ ಹುಲ್ಲಿನ ಮೇಲೆ ಜಮಖಾನ ಹಾಸಿ, ಬುತ್ತಿ ಬಿಚ್ಚಿ ಕುಳಿತಿದ್ದರು. ಹುಲ್ಲಿನಾಚೆ ಕೊಳವಿತ್ತು. ಚಿತ್ರಕಾರ ಕೊಳಕ್ಕೆ ಮುಖ ಮಾಡಿ ತನ್ನ ಹಲಗೆ ನಿಲ್ಲಿಸಿದ. ಬಯಲಲ್ಲಿ ನಿಂತು ಚಿತ್ರ ಬರೆಯುವವನನ್ನು ಆ ಊರಿನವರು ಕಂಡಿರಲಿಲ್ಲ. ತಿನ್ನುವುದನ್ನು ಬಿಟ್ಟು ಎದ್ದು ಅವನತ್ತ ತಿರುಗಿ ನಿಂತರು. ಅವನು ಅವರನ್ನೂ ಬರೆದ, ನೀರನ್ನೂ ಬರೆದ. ಬಿಸಿಲು ಇಳಿಯುತ್ತಲೇ ಎಲ್ಲವನ್ನೂ ಕಟ್ಟಿಕೊಂಡು ರೈಲು ಹತ್ತಿ ಹೋದ.

ಆ ಚಿತ್ರ ಅವನಿಗೆ ಹೆಸರು ತಂದಿತು. ಊರೂರಿನಲ್ಲಿ ಪ್ರದರ್ಶನಗಳಾದವು. ಕೊನೆಗೆ ಆ ಊರಿನವರೂ ಅವನನ್ನು ಕರೆಸಿ, ದೊಡ್ಡ ಸಭಾಂಗಣದಲ್ಲಿ ಚಿತ್ರವನ್ನು ತೂಗುಹಾಕಿದರು. ಜನ ಕಿಕ್ಕಿರಿದು ಬಂದರು. "ಇದು ನಮ್ಮ ಛತ್ರಿ", "ಈ ಪೇಟದವನು ನಾನೇ" ಎಂದು ತಮ್ಮನ್ನು ತಾವು ಹುಡುಕಿಕೊಂಡು ಹಿಗ್ಗಿದರು. ಚಿತ್ರದ ತುಂಬ ಮುಖಗಳು, ಎಲ್ಲವೂ ನೋಡುವವರನ್ನೇ ನೋಡುತ್ತಿದ್ದವು. ಅವುಗಳ ಹಿಂದೆ, ನೀರಿನ ಮೇಲೆ, ಒಂದು ಹಳದಿ. ಅದರ ಪಕ್ಕ ಸಣ್ಣದೊಂದು ಕಪ್ಪು ಚುಕ್ಕೆ. ಆ ಹಳದಿ ಇಲ್ಲದಿದ್ದರೆ ಚಿತ್ರಕ್ಕೆ ಜೀವವೇ ಇರುತ್ತಿರಲಿಲ್ಲ ಎಂದು ಬಲ್ಲವರು ಹೊಗಳಿದರು.

ಆಗ ಒಬ್ಬ ಹೆಂಗಸು ಮುಂದೆ ಬಂದಳು. ಬಹಳ ಹೊತ್ತು ನೋಡಿದಳು. ಹಳದಿಯ ಮೇಲೆ ಬೆರಳಿಟ್ಟು, "ಇದೇನು?" ಎಂದು ಕೇಳಿದಳು.

"ಏನೆಂದು ನನಗೂ ಗೊತ್ತಿಲ್ಲ ತಾಯಿ," ಎಂದ ಚಿತ್ರಕಾರ ನಗುತ್ತ. "ನಾನು ಹೊರಡುವ ಮುಂಚೆ ಕ್ಷಣಹೊತ್ತು ನೀರಿನ ಮೇಲೆ ಅರಳಿತು. ಎಷ್ಟು ಕಾದರೂ ಸಿಗದಂಥ ಬಣ್ಣ. ಮರೆಯಾಗುವಷ್ಟರಲ್ಲಿ ಹಿಡಿದುಬಿಟ್ಟೆ."

"ಇದು ನನ್ನ ಮಗಳ ಲಂಗ," ಎಂದಳು ಆಕೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು. ಆಮೇಲೆ ಅವನ ಕಣ್ಣು ಪಕ್ಕದ ಕಪ್ಪು ಚುಕ್ಕೆಗೆ ಹೋಯಿತು. ಗೋಡೆ ಹಿಡಿದು ನಿಂತ.

ಆಕೆ ಅಳಲಿಲ್ಲ. ಬೆರಳನ್ನು ಚಿತ್ರದಲ್ಲಿದ್ದ ನೀಲಿ ಸೀರೆಯೊಂದರ ಮೇಲೆ ಇಟ್ಟಳು.

"ಇದು ನಾನು. ಹೂವು ಕೀಳುತ್ತೇನೆಂದು ಮಗು ದಂಡೆಗೆ ಹೋದಳು. ನಾನು ಇಲ್ಲಿ ನಿಂತು ನಿಮ್ಮನ್ನು ನೋಡುತ್ತಿದ್ದೆ. ನಿಮ್ಮ ಕಣ್ಣು ನೀರಿನ ಮೇಲೆಯೇ ನೆಟ್ಟಿತ್ತು. ಇಷ್ಟೊಂದು ನೋಡುವವರು ಒಬ್ಬರಿದ್ದಾರಲ್ಲ, ಏನಾದರೂ ಆದರೆ ಕೂಗಿ ಹೇಳುತ್ತಾರೆ ಅಂದುಕೊಂಡೆ. ಅದಕ್ಕೇ ತಿರುಗಲಿಲ್ಲ."

ಛತ್ರಿಯವನು ಹಿಂದೆ ಸರಿದ. ಪೇಟದವನು ಮುಖ ತಗ್ಗಿಸಿದ. ಚಿತ್ರದಲ್ಲಿದ್ದವರೆಲ್ಲ ಕೊಳಕ್ಕೆ ಬೆನ್ನು ಮಾಡಿ ನಿಂತಿದ್ದರು. ಆ ದಿನ ನೀರಿಗೆ ಮುಖ ಮಾಡಿದ್ದವನು ಚಿತ್ರಕಾರನೊಬ್ಬನೇ.

ಆಕೆ ಮತ್ತೆ ಕೇಳಿದಳು: "ಒಂದು ಮಾತು ಹೇಳಿ. ಅವಳು ಅಮ್ಮಾ ಅಂತ ಕೂಗಿದಳೇ?"

ಚಿತ್ರಕಾರ ನೆನಪು ಮಾಡಿಕೊಳ್ಳಲು ನೋಡಿದ. ಆ ಗಳಿಗೆಯಲ್ಲಿ ನೀರು ಯಾವ ಹಸಿರಾಗಿತ್ತು ಎಂಬುದು ನೆನಪಿತ್ತು. ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಎಂಬುದು ನೆನಪಿತ್ತು. ಹಳದಿಯ ಅಂಚು ಮಾತ್ರ ಹೊಳೆದು ಮಿಕ್ಕದ್ದು ಮಂಕಾದದ್ದೂ ನೆನಪಿತ್ತು. ದನಿ ನೆನಪಾಗಲಿಲ್ಲ.

"ಗೊತ್ತಿಲ್ಲ," ಎಂದ.

ಅವನು ಚಿತ್ರವನ್ನು ಗೋಡೆಯಿಂದ ಕಿತ್ತು ಹರಿಯಲು ಹೋದ. ಆಕೆ ಅವನ ಎರಡೂ ಕೈ ಹಿಡಿದುಕೊಂಡಳು. "ಬೇಡ. ಅದನ್ನು ನೋಡಲೂ ನನ್ನಿಂದ ಆಗುವುದಿಲ್ಲ, ಬಿಟ್ಟುಹೋಗಲೂ ಆಗುವುದಿಲ್ಲ," ಎಂದಳು. ಜನರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋದರು. ಬಾಗಿಲು ಹಾಕುವ ಹೊತ್ತಾದರೂ ಅವರಿಬ್ಬರೂ ಚಿತ್ರದ ಎದುರು ಹಾಗೆಯೇ ನಿಂತಿದ್ದರು. ಆಮೇಲೆ ಅವನು ಮತ್ತೆ ಕುಂಚ ಹಿಡಿದನೋ ಇಲ್ಲವೋ ನನಗೆ ತಿಳಿಯದು.

ಗುರು ಕತೆ ನಿಲ್ಲಿಸಿದರು.

ಚೆನ್ನಮಲ್ಲನ ಮುಖ ಬಿಳಿಚಿಕೊಂಡಿತ್ತು. ಅವನು ತಡವರಿಸುತ್ತ ಹೇಳಿದ: "ಗುರುಗಳೇ, ಆ ಚಿತ್ರಕಾರನನ್ನು ಕಟುಕನೆನ್ನಲಾಗದು. ಅದು ಮಗು ಎಂದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ನೀರಿಗೆ ಧುಮುಕುತ್ತಿದ್ದ."

ಗುರು ಅಂದರು: "ಹೌದು, ಅವನಿಗೆ ತಿಳಿದಿರಲಿಲ್ಲ. ಬಾಗಿಲಲ್ಲಿ ಸುರಿದದ್ದು ರಕ್ತವೆಂದು ನಿನಗೆ ತಿಳಿದಿತ್ತಲ್ಲ."